ಸಾವಿರನೆಯ ಹಸಿರು ದಿನ

ಗಡಿಬಿಡಿಯಣ್ಣನಿಗೆ ಯಾರೂ ಏನೂ ಮಾಡು ಅಂದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಇಡೀ ದಿನ ಅವನು ಸಿಕ್ಕಸಿಕ್ಕವರ ಮೇಲೆ ತಪ್ಪು ಹೊರಿಸಲು ನೋಡಿದ. ಬೆಳಿಗ್ಗೆ ಒಂಬತ್ತೂಕಾಲಿಗೆ ಆಫೀಸಿಗೆ ಬಂದು ಕಂಪ್ಯೂಟರ್ ತೆರೆದಾಗ ಮೂಲೆಯಲ್ಲಿ ಒಂದು ಹಳದಿ ಚೀಟಿ ಕಂಡಿತು: ‘ಪರೀಕ್ಷೆ ನಡೆಸುವ ಲೈಬ್ರರಿಯ ಹೊಸ ಆವೃತ್ತಿ ಬಂದಿದೆ, ಹಾಕಲೇ?’ ಆರು ತಿಂಗಳಿಂದ ಅದು ದಿನಾ ಕೇಳುತ್ತಿತ್ತು, ಇವನು ದಿನಾ ‘ಆಮೇಲೆ’ ಅನ್ನುತ್ತಿದ್ದ. ಅವತ್ತು ಮಾತ್ರ, ಊರಿಗೆ ಹೊರಡುವವರು ಮನೆ ಗುಡಿಸಿಟ್ಟು ಹೋಗುವಂತೆ, ಎಲ್ಲ ಒಪ್ಪ ಮಾಡಿ ಹೋಗೋಣ ಅನ್ನಿಸಿ ‘ಹೂಂ’ ಒತ್ತಿಬಿಟ್ಟ.

ಹೊರಡುವುದೇನೋ ನಿಜವಾಗಿತ್ತು. ಮದುವೆಯಾಗಿ ಮೂರು ವರ್ಷಕ್ಕೆ ಬಂದರೂ ಹೆಂಡತಿಯನ್ನು ಕರೆದುಕೊಂಡು ನಾಲ್ಕು ದಿನ ಎಲ್ಲಿಗೂ ಹೋದವನಲ್ಲ. ಮೂರು ಸಲ ಸಮುದ್ರತೀರಕ್ಕೆ ಹೋಗುವುದೆಂದು ಗೊತ್ತುಮಾಡಿ, ಮೂರು ಸಲವೂ ಆಫೀಸು ಅಡ್ಡ ಬಂದಿತ್ತು. ಈ ಸಲ ಸಂಜೆ ಆರೂವರೆಗೆ ಬಸ್ಸು. ಬೆಳಿಗ್ಗೆ ಹೆಂಡತಿ ಜಗಳ ತೆಗೆಯಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ಊಟದ ಡಬ್ಬಿ ಕೈಗಿಡುತ್ತಾ, ತಾನು ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗುತ್ತೇನೆ, ಆಗುವುದಾದರೆ ಅಲ್ಲಿಗೇ ಬನ್ನಿ ಅಂದಳು. ಆ ‘ಆಗುವುದಾದರೆ’ ಅವನ ಕಿವಿಯಲ್ಲೇ ಉಳಿದಿತ್ತು. ಏನೇ ಆಗಲಿ, ಈ ಸಲ ಆ ಬಸ್ಸು ತಪ್ಪಕೂಡದು ಅಂತ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಆ ಆಫೀಸು ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆಯುವ ಆಫೀಸು. ಗುಂಡಿ ಒತ್ತಿದರೆ ಯಾವ ಮಹಡಿಗೆ ಹೋಗಬೇಕು, ಬಾಗಿಲಲ್ಲಿ ಕೈ ಸಿಕ್ಕರೆ ಎಷ್ಟು ಬೇಗ ತೆರೆಯಬೇಕು, ಇಂಥದ್ದೆಲ್ಲ ಅಲ್ಲಿ ಬರೆಯುತ್ತಿದ್ದರು. ಬರೆದ ಒಂದೊಂದು ತುಣುಕೂ ಸರಿಯಿದೆಯೇ ಅಂತ ನೋಡಲು ಆರುನೂರ ಚಿಲ್ಲರೆ ಪುಟ್ಟ ಪುಟ್ಟ ಪರೀಕ್ಷೆಗಳು. ಅವನ್ನು ನಡೆಸಿಕೊಡಲು ಹೊರಗಿನಿಂದ ತರಿಸಿಕೊಂಡ ಸಿದ್ಧ ಪ್ರೋಗ್ರಾಮಿಗೇ ಲೈಬ್ರರಿ ಅನ್ನುತ್ತಿದ್ದರು. ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡ ಪರದೆ. ಎಲ್ಲ ಪಾಸಾದರೆ ಹಸಿರು, ಒಂದು ಎಡವಿದರೂ ಕೆಂಪು. ಮೊದಲು ಅದರಲ್ಲಿ ಅಂಕಿಗಳೂ ಬರುತ್ತಿದ್ದವು. ನೋಡಿದರೆ ತಲೆ ಸುತ್ತುತ್ತದೆ ಅಂತ ಮ್ಯಾನೇಜರು ತೆಗೆಸಿ, ಬಣ್ಣ ಸಾಕು ಅಂದಿದ್ದರು. ಅಲ್ಲಿಯ ಕಟ್ಟಲೆಯೂ ಒಂದೇ: ಪರದೆಯನ್ನು ಕೆಂಪು ಮಾಡಿದವರು ಅದು ಹಸಿರಾಗುವ ತನಕ ಮೇಜು ಬಿಟ್ಟು ಏಳುವ ಹಾಗಿಲ್ಲ.

ಅಂಥ ಪರದೆ ಒಂಬೈನೂರ ತೊಂಬತ್ತೊಂಬತ್ತು ದಿನ ಒಂದೇ ಸಮನೆ ಹಸಿರಾಗಿತ್ತು. ಅವತ್ತು ಸಾವಿರನೆಯ ದಿನ. ನಾಲ್ಕು ಗಂಟೆಗೆ ಮುಖ್ಯ ಕಚೇರಿಯ ಮೇಡಂ ಬಂದು ಮ್ಯಾನೇಜರಿಗೆ ಫಲಕ ಕೊಡುವವರಿದ್ದರು. ಹಸಿರು ಕೇಕಿಗೂ ಹೇಳಿಯಾಗಿತ್ತು.

ಗಡಿಬಿಡಿಯಣ್ಣ ‘ಹೂಂ’ ಒತ್ತಿದ ಅರೆ ನಿಮಿಷಕ್ಕೆ ಪರದೆ ಕೆಂಪಾಯಿತು.

ಮ್ಯಾನೇಜರು ಕೋಣೆಯಿಂದ ಹೊರಗೆ ಬಂದ ವೇಗ ನೋಡಿದರೆ ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಅನ್ನಬೇಕು. ಯಾರು ಅಂತ ಕೇಳಿದರು. ಇವನು ಬೆರಳೆತ್ತಿದ. ರಜೆಯ ಅರ್ಜಿಗೆ ತಾವು ಸಹಿ ಹಾಕಿರುವುದು ನಿಜ, ಆದರೆ ಕಟ್ಟಲೆ ಕಟ್ಟಲೆಯೇ ಅಂತ ತಿಳಿಸಿ, ನಾಲ್ಕರೊಳಗೆ ಹಸಿರು ಮಾಡು ಅಂತ ಹೇಳಿ ಒಳಗೆ ಹೋದರು. ಇಪ್ಪತ್ತು ನಿಮಿಷಕ್ಕೊಮ್ಮೆ ಬಂದು ‘ಹಸಿರಾಯ್ತಾ?’ ಅಂತ ಕೇಳುವ ಕಾರ್ಯಕ್ರಮ ಆಗಲೇ ಶುರುವಾಯಿತು.

ತೊಂದರೆ ಸಣ್ಣದೇ. ಹೊಸ ಲೈಬ್ರರಿ ಒಂಟಿಯಾಗಿ ಬರುವುದಿಲ್ಲ ಅನ್ನುತ್ತಿತ್ತು. ತಾನು ಬರಬೇಕಾದರೆ ತಮ್ಮನಂಥ ಇನ್ನೊಂದು ಲೈಬ್ರರಿಯೂ ಬರಬೇಕು. ತಮ್ಮ ಬರಬೇಕಾದರೆ ಅವನ ಬಾಮೈದನನ್ನು ಕರೆಯಬೇಕು. ಆ ಬಾಮೈದನಿಗೂ ಈಗಾಗಲೇ ಮನೆಯಲ್ಲಿ ಕೂತಿರುವ ಷಡ್ಡಕನಿಗೂ ಮಾತಿಲ್ಲ. ಇವನು ಬಂದರೆ ಅವನು ಹೋಗಬೇಕು. ಷಡ್ಡಕನನ್ನು ಕಳಿಸಿದರೆ ಅವನನ್ನೇ ನಂಬಿಕೊಂಡಿದ್ದ ಇನ್ನೂ ಏಳು ಜನ ಮುಖ ಊದಿಸಿಕೊಂಡು ಎದ್ದುಬಿಡುತ್ತಾರೆ. ಹತ್ತು ಗಂಟೆಗೆ ಮೂರು ದೋಷಗಳಿದ್ದದ್ದು ಹನ್ನೊಂದಕ್ಕೆ ಹತ್ತೊಂಬತ್ತಾದವು.

ಹಳೆಯದಕ್ಕೇ ವಾಪಸು ಹೋಗಿಬಿಡೋಣ ಅಂತ ಗಡಿಬಿಡಿಯಣ್ಣನಿಗೆ ಬುದ್ಧಿ ಬರುವಷ್ಟರಲ್ಲಿ ಪಕ್ಕದ ಮೇಜಿನ ಹಿರಿಯಣ್ಣ ಕುರ್ಚಿ ಎಳೆದುಕೊಂಡು ಬಂದು ಕೂತ. ಹಿರಿಯಣ್ಣ ಅಂದರೆ ಇಪ್ಪತ್ತು ವರ್ಷದ ಅನುಭವ. ಅದರಲ್ಲಿ ಹದಿನೈದು ವರ್ಷ ಬೇರೆಯವರ ಪರದೆ ನೋಡುತ್ತಾ ಕಳೆದದ್ದು. ಇಂಥದ್ದನ್ನು ತಾನು ಎಷ್ಟೋ ನೋಡಿದ್ದೇನೆ, ಇರುವುದನ್ನೆಲ್ಲ ಅಳಿಸಿ ಮೊದಲಿಂದ ತರಿಸಿಕೋ, ಹತ್ತು ನಿಮಿಷದ ಕೆಲಸ ಅಂದ. ಇವನು ಹಿಂದೆಮುಂದೆ ನೋಡದೆ ಅಳಿಸಿದ. ಆಮೇಲೆ ತರಿಸಲು ಹೋದರೆ, ಹಳೆಯ ಆವೃತ್ತಿಯನ್ನು ಮಾಡಿದವರೇ ಅದನ್ನು ಹೋದ ವರ್ಷ ಹಿಂದಕ್ಕೆ ತೆಗೆದುಕೊಂಡಿದ್ದಾರೆ ಅಂತ ಗೊತ್ತಾಯಿತು. ಲೋಕದಲ್ಲಿ ಉಳಿದಿದ್ದ ಕೊನೆಯ ಪ್ರತಿ ಇವನ ಆಫೀಸಿನಲ್ಲೇ ಇತ್ತು. ಈಗ ಅದೂ ಇಲ್ಲ. ಹಿರಿಯಣ್ಣ ತನಗೊಂದು ಫೋನು ಮಾಡುವುದಿದೆ ಅಂತ ಎದ್ದು ಹೋದ.

ಮಧ್ಯಾಹ್ನ ಎದುರು ಮೇಜಿನ ಹುಡುಗಿ ಬಂದು ಪ್ರತಿಯೊಂದು ಲೈಬ್ರರಿಯ ಯಾವ ಆವೃತ್ತಿ ಬೇಕು ಅಂತ ಬರೆದು ಗಟ್ಟಿ ಮಾಡಿಕೊಳ್ಳಿ, ಅವು ತಮಗೆ ಬೇಕಾದವರನ್ನು ತಾವೇ ಕರೆದುಕೊಂಡು ಬರಲು ಬಿಡಬೇಡಿ ಅಂದಳು. ಆ ಆಫೀಸಿನಲ್ಲಿ ಮನಸ್ಸಿಟ್ಟು ಪರೀಕ್ಷೆ ಬರೆಯುವವಳು ಅವಳೊಬ್ಬಳೇ. ಸೇರಿದಾಗಿನಿಂದ ನೂರ ನಲವತ್ತು ಬರೆದಿದ್ದಳು, ಒಂದೂ ಯಾವತ್ತೂ ಕೆಂಪಾಗಲಿಲ್ಲ ಅನ್ನುವ ಹೆಮ್ಮೆಯೂ ಇತ್ತು. ಅವಳ ಮಾತು ಕೇಳಿದ್ದರಿಂದ ದೋಷಗಳು ಹತ್ತೊಂಬತ್ತರಿಂದ ಹನ್ನೆರಡಾದವು, ಐದಾದವು. ಊಟದ ಡಬ್ಬಿ ತೆರೆಯದೆ ಹಾಗೇ ಉಳಿಯಿತು. ಮೂರೂವರೆಗೆ ಹೆಂಡತಿ ಫೋನು ಮಾಡಿ ಎಲ್ಲಿದ್ದೀರಿ ಅಂದಾಗ, ಹೊರಟೇಬಿಟ್ಟೆ ಅಂದ. ಅದು ಅವನು ಯಾವಾಗಲೂ ಹೇಳುವ ಮಾತೇ ಆದ್ದರಿಂದ ಅವಳೂ ಹೆಚ್ಚು ಕೇಳಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊನೆಯ ದೋಷವೂ ಹೋಯಿತು. ತಮ್ಮ, ಬಾಮೈದ, ಷಡ್ಡಕ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತರು. ಗಡಿಬಿಡಿಯಣ್ಣ ಕಣ್ಣುಮುಚ್ಚಿ ಪರೀಕ್ಷೆಗಳನ್ನು ಓಡಿಸಿದ. ಕಣ್ಣು ಬಿಟ್ಟರೆ ಪರದೆ ಕೆಂಪು. ಕೆಳಗೆ ಒಂದೇ ಒಂದು ಸಾಲು: ‘ನಡೆಸಲು ಒಂದು ಪರೀಕ್ಷೆಯೂ ಸಿಗಲಿಲ್ಲ.’

ಆರುನೂರು ಪರೀಕ್ಷೆಗಳು ಎಲ್ಲಿ ಹೋದವು? ತಾನೇ ಅಳಿಸಿಬಿಟ್ಟೆನೇನೋ ಅನ್ನಿಸಿತು. ಹುಡುಕಿದ, ಎಲ್ಲ ಇದ್ದಲ್ಲೇ ಇದ್ದವು. ಹಾಗಾದರೆ ನಿನ್ನೆ ಹೇಗೆ ನಡೆದವು ಅಂತ ನಿನ್ನೆಯ ವರದಿ ತೆಗೆದ. ‘ನಡೆದದ್ದು ಸೊನ್ನೆ, ಸೋತದ್ದು ಸೊನ್ನೆ, ಹಸಿರು.’ ಮೊನ್ನೆಯದು ತೆಗೆದ. ಸೊನ್ನೆ, ಸೊನ್ನೆ, ಹಸಿರು. ಹೋದ ತಿಂಗಳು, ಹೋದ ವರ್ಷ, ಅದರ ಹಿಂದಿನ ವರ್ಷ, ಎಲ್ಲ ಅಷ್ಟೇ. ಯಾರೋ ಮಹಾನುಭಾವರು ಎಲ್ಲ ಪರೀಕ್ಷೆಗಳನ್ನೂ ಬಿಟ್ಟುಬಿಡು ಅಂತ ಒಂದು ಸಾಲು ಬರೆದಿಟ್ಟಿದ್ದರು. ಹಳೆಯ ಲೈಬ್ರರಿ, ಪಾಪ, ಯಾವುದೂ ಸೋಲಲಿಲ್ಲವಲ್ಲ ಅಂತ ದಿನಾ ಹಸಿರು ತೋರಿಸುತ್ತಿತ್ತು. ಹೊಸದಕ್ಕೆ ಅಷ್ಟು ದಾಕ್ಷಿಣ್ಯವಿರಲಿಲ್ಲ.

ಗಡಿಬಿಡಿಯಣ್ಣನಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ಕೆಂಪು ಮಾಡಿದ್ದು ಇವನಲ್ಲ. ಇನ್ನೂ ಎರಡೂವರೆ ಗಂಟೆ ಇದೆ, ನಿಲ್ದಾಣಕ್ಕೆ ಅರ್ಧ ಗಂಟೆಯ ದಾರಿ. ಮೇಡಂ ಕೇಕಿನ ಮುಂದೆ ನಿಂತಿದ್ದರು, ಮ್ಯಾನೇಜರು ಪರದೆಗೆ ಬೆನ್ನು ಅಡ್ಡ ಹಿಡಿದು ಬೇರೇನೋ ಮಾತಾಡಿಸುತ್ತಿದ್ದರು. ಇವನು ನೇರವಾಗಿ ಹೋಗಿ ಎಲ್ಲ ಹೇಳಿಬಿಟ್ಟ. ಸಾವಿರ ದಿನದಿಂದ ಈ ಆಫೀಸಿನಲ್ಲಿ ಒಂದು ಪರೀಕ್ಷೆಯೂ ನಡೆದಿಲ್ಲ ಅಂದ.

ಎದುರು ಮೇಜಿನ ಹುಡುಗಿಯ ಕಣ್ಣಲ್ಲಿ ನೀರು ಬಂತು. ನೂರ ನಲವತ್ತೂ ದಂಡವಾಗಿ ಬಿದ್ದಿದ್ದವು. ಮೇಡಂ ಫಲಕವನ್ನು ಮತ್ತೆ ಚೀಲಕ್ಕೆ ಹಾಕಿ, ಇದು ಯಾರ ಕೆಲಸ ಅಂತ ಕೇಳಿದರು. ಮ್ಯಾನೇಜರು ಸೂರು ನೋಡಿದರು. ಹಿರಿಯಣ್ಣ ಕನ್ನಡಕ ಒರೆಸತೊಡಗಿದ. ಒಬ್ಬೊಬ್ಬರಿಗೂ ತಂತಮ್ಮ ಹಳೆಯ ಪಾಪ ನೆನಪಾಗಿ, ಅದು ತಾನೇ ಇರಬಹುದು ಅಂತ ಒಳಗೊಳಗೇ ಅಳುಕು.

ಗಡಿಬಿಡಿಯಣ್ಣನಿಗೆ ಮಾತ್ರ ಅವತ್ತು ಸತ್ಯ ಮೈಮೇಲೆ ಬಂದಿತ್ತು. ‘ಯಾರು, ಯಾವತ್ತು, ಯಾವ ಸಾಲು ಬರೆದ್ರು ಅಂತ ಕಂಪ್ಯೂಟರಲ್ಲಿ ದಾಖಲೆ ಇರುತ್ತೆ ಮೇಡಂ, ಈಗ್ಲೇ ತೋರಿಸ್ತೀನಿ. ಅದಕ್ಕೂ ಮುಂಚೆ ಒಂದು ಮಾತು. ಆ ಮನುಷ್ಯ ಯಾರೇ ಆಗಿರ್ಲಿ, ಎಷ್ಟೇ ದೊಡ್ಡವನಾಗಿರ್ಲಿ,’ ಇಲ್ಲಿ ಮ್ಯಾನೇಜರ ಕಡೆಗೊಂದು ನೋಟ, ‘ಕೊನೇ ಪರೀಕ್ಷೆ ಪಾಸಾಗೋ ತನಕ ಮೇಜು ಬಿಟ್ಟು ಏಳಬಾರ್ದು. ಅವನ ಮನೆ, ಅವನ ರಜೆ, ಅವನ ಹೆಂಡ್ತಿ, ಯಾವುದಕ್ಕೂ ದಯೆ ದಾಕ್ಷಿಣ್ಯ ತೋರಿಸಬಾರ್ದು.’

ಮೇಡಂಗೆ ಮಾತು ಹಿಡಿಸಿತು. ಹಾಗೇ ಆಗಲಿ, ಇದನ್ನು ಬರೆದುಕೊಳ್ಳಿ ಅಂತ ಮ್ಯಾನೇಜರಿಗೆ ಹೇಳಿದರು. ಅವರು ನಡುಗುವ ಕೈಯಲ್ಲಿ ಬರೆದುಕೊಂಡರು. ಗಡಿಬಿಡಿಯಣ್ಣ ಎಲ್ಲರಿಗೂ ಕಾಣಲಿ ಅಂತ ದಾಖಲೆಯನ್ನು ಗೋಡೆಯ ಪರದೆಗೇ ಹಾಕಿದ.

ಸರಿಯಾಗಿ ಸಾವಿರ ದಿನದ ಹಿಂದಿನ ತಾರೀಕು. ಪಕ್ಕದಲ್ಲಿ ಒಂದು ಟಿಪ್ಪಣಿ: ‘ತಾತ್ಕಾಲಿಕ. ನಾಳಿದ್ದು ಮದುವೆ, ಇವತ್ತು ಸಂಜೆ ಬಸ್ಸು. ವಾಪಸು ಬಂದ ಮೇಲೆ ಸರಿಮಾಡುತ್ತೇನೆ.’ ಕೆಳಗೆ ಗಡಿಬಿಡಿಯಣ್ಣನದೇ ಹೆಸರು, ಇನಿಶಿಯಲ್ ಸಮೇತ.

ನೋಡುತ್ತಾ ನಿಂತಂತೆ ಎಲ್ಲ ನೆನಪಾಯಿತು. ಅವತ್ತೂ ಹೀಗೇ ಯಾವುದೋ ಒಂದು ಪರೀಕ್ಷೆ ಕೆಂಪಾಗಿತ್ತು. ಯಾಕೆ ಅಂತ ಹುಡುಕಲು ಹೊತ್ತಿರಲಿಲ್ಲ. ಮದುವೆ ಮುಗಿಸಿ ಬಂದಾಗ ಪರದೆ ಹಸಿರಾಗಿತ್ತು, ಮ್ಯಾನೇಜರು ಬೆನ್ನು ತಟ್ಟಿದ್ದರು, ಇವನೂ ಮರೆತಿದ್ದ. ಈಗ ಅವನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು. ಮ್ಯಾನೇಜರು ಬರೆದುಕೊಂಡಿದ್ದ ಚೀಟಿಯನ್ನು ಅವನ ಮೇಜಿನ ಮೇಲೆ ಅಂಟಿಸಿದರು. ಈಗ ಅವರ ಕೈ ನಡುಗುತ್ತಿರಲಿಲ್ಲ.

ಆ ಸಾಲು ತೆಗೆದು ಓಡಿಸಿದಾಗ ಆರುನೂರ ಹನ್ನೆರಡು ಪರೀಕ್ಷೆಗಳಲ್ಲಿ ನಾನೂರ ಒಂಬತ್ತು ಸೋತವು. ಬಾಗಿಲಲ್ಲಿ ಕೈ ಸಿಕ್ಕಿದರೆ ಏನಾಗುತ್ತದೆ ಅನ್ನುವುದೂ ಅವುಗಳಲ್ಲಿ ಒಂದು. ಎಂಟನೇ ಮಹಡಿಗೆ ತಾವು ಬಂದ ಲಿಫ್ಟು ಯಾರದು ಅಂತ ಮೇಡಂ ಕೇಳಿದರು. ನಮ್ಮದೇ ಅಂದರು ಮ್ಯಾನೇಜರು. ಮೇಡಂ ಮೆಟ್ಟಿಲಿನ ಕಡೆಗೆ ನಡೆದರು. ಉಳಿದವರೂ ಕೇಕಿನ ತುಂಡು ಕೈಯಲ್ಲಿ ಹಿಡಿದು, ಗೋಡೆ ಹಿಡಿದುಕೊಂಡು, ಒಬ್ಬೊಬ್ಬರಾಗಿ ಇಳಿದರು.

ಆರೂ ಇಪ್ಪತ್ತಕ್ಕೆ ಹೆಂಡತಿಯ ಫೋನು ಬಂತು. ಗಡಿಬಿಡಿಯಣ್ಣ ಈ ಸಲ ಸುಳ್ಳು ಹೇಳಲಿಲ್ಲ. ಬೆಳಗಿನಿಂದ ಆದದ್ದನ್ನೆಲ್ಲ, ಟಿಪ್ಪಣಿಯಲ್ಲಿ ಬರೆದಿದ್ದನ್ನೂ ಬಿಡದೆ ಹೇಳಿದ. ತನ್ನ ದಾರಿ ಕಾಯುತ್ತಾ ಎರಡು ಚೀಲ ಹಿಡಿದು ಅವಳು ಒಬ್ಬಳೇ ನಿಂತಿರುವುದು ಕಣ್ಣಿಗೆ ಕಟ್ಟಿದಂತಾಗಿ ನಿಜಕ್ಕೂ ಸಂಕಟವಾಯಿತು.

‘ಟಿಕೆಟ್ ರದ್ದು ಮಾಡಿಸಿಬಿಡು. ಬರೋ ತಿಂಗಳು ಖಂಡಿತ ಹೋಗೋಣ.’

‘ಯಾಕ್ರೀ ರದ್ದು ಮಾಡಿಸ್ಲಿ? ಬಸ್ಸಲ್ಲೇ ಕೂತಿದೀವಿ.’

‘ಕೂತಿದೀವಿ ಅಂದ್ರೆ?’

‘ನಾನು, ಅಮ್ಮ. ಅಮ್ಮಂಗೆ ಕಿಟಕಿ ಪಕ್ಕ ಬೇಕಂತೆ, ಬಿಟ್ಟುಕೊಟ್ಟೆ.’

ಅತ್ತೆಯವರು ಇಷ್ಟು ಬೇಗ ಹೇಗೆ ಬಂದರು ಅಂತ ಅವನಿಗೆ ತಿಳಿಯಲಿಲ್ಲ. ‘ಟಿಕೆಟ್ ನನ್ನ ಹೆಸರಲ್ಲಿತ್ತಲ್ಲ?’

‘ನೀವು ಟಿಕೆಟ್ ಯಾವಾಗ ನೋಡಿದ್ರಿ? ತೆಗೆಸಿದಾಗ್ಲೇ ಅಮ್ಮನ ಹೆಸರಲ್ಲಿ ತೆಗೆಸಿದ್ದು.’

‘ಅಲ್ವೇ, ನಾನು ಹೊತ್ತಿಗೆ ಸರಿಯಾಗಿ ಬಂದ್ಬಿಟ್ಟಿದ್ರೆ?’

ಆ ಕಡೆ ಬಸ್ಸು ಚಾಲೂ ಆದ ಸದ್ದು ಕೇಳಿಸಿತು. ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ.

‘ಮೂರು ಸಲ ಪರೀಕ್ಷೆ ಮಾಡಿ ನೋಡಿದ ಮೇಲೇನೇ ತೆಗೆಸಿದ್ದು ರೀ,’ ಅಂದಳು.