ದಾರಿ ತೋರಿಸುವವರು

ಗುಮಾಸ್ತರ ತಲೆನೋವು ಶುರುವಾದದ್ದು ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟ್ರು ಬೆಳಿಗ್ಗೆ ಎಂಟು ಗಂಟೆಗೆ ಎದೆಗವಚಿಕೊಂಡು ತಂದ ಒಂದು ಸಣ್ಣ ಡಬ್ಬಿಯಿಂದ.

ಮರುದಿನ ಬೆಳಗಾಗುತ್ತಲೇ ಗುಮಾಸ್ತರು ಹೆಂಡತಿಯೊಂದಿಗೆ ಕಾರಿನಲ್ಲಿ ಗಡಿ ದಾಟಿ ಪಕ್ಕದ ದೇಶಕ್ಕೆ ಹೊರಡಬೇಕಿತ್ತು. ಅಲ್ಲಿ ಸರೋವರದ ದಡದಲ್ಲಿ ಒಂದು ವಾರಕ್ಕೆ ಮನೆ ಗೊತ್ತುಮಾಡಿ ಆಗಿತ್ತು. ನಗರಸಭೆಯ ಕಚೇರಿಯಲ್ಲಿ ಆರು ವರ್ಷ ಬೇಡಿ, ಮೂವರು ಸಾಹೇಬರು ಬದಲಾದ ಮೇಲೆ ಸಿಕ್ಕ ರಜೆ ಅದು. ನಿಜ ಹೇಳಬೇಕೆಂದರೆ ಅವರಿಗೆ ಸರೋವರವೇನೂ ಬೇಕಿರಲಿಲ್ಲ. ಏಳು ದಿನ ಯಾರೂ ತಮ್ಮನ್ನು ಏನೂ ಕೇಳದಿದ್ದರೆ ಸಾಕಿತ್ತು.

"ಇದು ಜಿಪಿಎಸ್. ದಾರಿ ಹೇಳೋದು ಬಿಟ್ರೆ ಇದಕ್ಕೆ ಬೇರೆ ಕೆಲಸ ಗೊತ್ತಿಲ್ಲ," ಎಂದರು ಮೇಷ್ಟ್ರು. "ಗಡಿ ದಾಟಿದ ಮೇಲೆ ನಿಮ್ಮ ಫೋನಿಗೆ ಸಿಗ್ನಲ್ ಇರಲ್ಲ. ಯಾರನ್ನ ಕೇಳ್ತೀರಿ? ಅಲ್ಲಿನ ಭಾಷೆನೂ ಬರಲ್ಲ ನಿಮಗೆ."

ಎರಡು ದಿನ ಇದ್ದು ಹೋಗುತ್ತೇನೆಂದು ಬಂದು ಒಂದು ತಿಂಗಳಿಂದ ಬೀಡುಬಿಟ್ಟಿದ್ದ ಭಾವಮೈದ ತಲೆ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದ. "ಭಾವ, ಆ ಡಬ್ಬಿ ನಂಬಬೇಡಿ. ಅದರ ಮ್ಯಾಪು ಯಾವ ಕಾಲದ್ದೋ ಏನೋ. ಫೋನಿಗೆ ಮೊದಲೇ ಮ್ಯಾಪ್ ಇಳಿಸ್ಕೊಂಡ್ರೆ ಸಿಗ್ನಲ್ಲೇ ಬೇಡ."

"ಬಿಸಿಲಿಗಿಟ್ರೆ ಫೋನು ಕಾದು ಕೂತ್ಕೊಳುತ್ತೆ," ಎಂದರು ಮೇಷ್ಟ್ರು.

"ನಿಮ್ಮ ಡಬ್ಬಿ ಹೊಸ ರಸ್ತೆ ಕಂಡ್ರೆ ಕೆರೆ ಅನ್ಕೊಳುತ್ತೆ," ಎಂದ ಭಾವಮೈದ.

ಬಟ್ಟೆ ಮಡಿಚುತ್ತಿದ್ದ ಹೆಂಡತಿ ತಲೆಯೆತ್ತಿದಳು. "ರೀ, ಯಾವುದಾದ್ರೂ ಒಂದು ಅಂತ ಸಂಜೆಯೊಳಗೆ ತೀರ್ಮಾನ ಮಾಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಸ್ಟೇರಿಂಗ್ ನಾನೇ ಹಿಡೀತೀನಿ."

ಕೊನೆಗೆ ಒಂದು ಪರೀಕ್ಷೆ ಎಂದಾಯಿತು. ಡಬ್ಬಿಯನ್ನೂ ಮ್ಯಾಪ್ ಇಳಿಸಿದ ತಮ್ಮ ಫೋನನ್ನೂ ಕಾರಿನ ಗಾಜಿಗೆ ಅಂಟಿಸಿಕೊಂಡು ಗುಮಾಸ್ತರು ಕಚೇರಿಗೆ ಹೋಗುವುದು. ಸರಿಯಾದ ದಾರಿ ಹೇಳಿದ್ದು ಗೆದ್ದಂತೆ. ದಿನವೂ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು ಹೋಗುವ ಗುಮಾಸ್ತರಿಗೆ ತಮ್ಮ ಊರಿನ ಬೀದಿಗಳೂ ಅಷ್ಟಕ್ಕಷ್ಟೆ. ತೀರ್ಪು ಕೊಡಲು ಮೇಷ್ಟ್ರು ಮುಂದೆ ಕೂತರು, ಭಾವಮೈದ ಹಿಂದೆ. ಬೇಡ ಎನ್ನಲು ಬೇಕಾದ ಶಕ್ತಿ ಗುಮಾಸ್ತರಲ್ಲಿ ಇರಲಿಲ್ಲ.

ದಾರಿಯುದ್ದಕ್ಕೂ ಎರಡು ಯಂತ್ರಗಳೂ ಅತ್ತೆ ಸೊಸೆಯರ ಹಾಗೆ ಒಂದು ಹೇಳಿದ್ದಕ್ಕೆ ಇನ್ನೊಂದು ಒಪ್ಪಲಿಲ್ಲ. ವೃತ್ತವೊಂದನ್ನು ಕಾರು ಮೂರು ಸಲ ಸುತ್ತಿತು. ಹಳೆಯ ಅಂಚೆ ಕಚೇರಿ ಬಂದಾಗ ಮಾತ್ರ ಮೊದಲ ಸಲ ಎರಡೂ ಒಟ್ಟಿಗೆ, "ಎಡಕ್ಕೆ ತಿರುಗಿ" ಎಂದವು. ಗುಮಾಸ್ತರಿಗೆ ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನವಾಯಿತು. ತಿರುಗಿದರು.

ಎದುರಿಗೆ ಬೀದಿಯ ಅಗಲಕ್ಕೂ ತುಂಬಿಕೊಂಡು ಒಂದು ಹಾಲಿನ ಲಾರಿ ಬರುತ್ತಿತ್ತು. ಅದರ ಡ್ರೈವರು ತಲೆ ಹೊರಗೆ ಹಾಕಿ ತಣ್ಣಗೆ ಹೇಳಿದ: "ಸ್ವಾಮಿ, ಇದು ಒನ್ ವೇ ಆಗಿ ಮೂರು ತಿಂಗಳಾಯ್ತು. ಬೋರ್ಡ್ ನೋಡ್ಲಿಲ್ವಾ?"

ಬೋರ್ಡ್ ಇತ್ತು. ಆದರೆ ಮೂವರ ಕಣ್ಣೂ ಯಂತ್ರಗಳ ಮೇಲಿತ್ತು. ಹಿಂದಕ್ಕೆ ಹೋಗುವಾಗ ಮೇಷ್ಟ್ರು ಬಲಕ್ಕೆ ಎಂದರು, ಭಾವಮೈದ ಎಡಕ್ಕೆ ಎಂದ. ಗುಮಾಸ್ತರು ಇಬ್ಬರ ಮಾತನ್ನೂ ನಡೆಸಿಕೊಟ್ಟು ಹಿಂದಿನ ದೀಪವನ್ನು ಗೋಡೆಗೆ ಒಪ್ಪಿಸಿದರು. ಬೀದಿಯ ತುದಿಯಲ್ಲಿ ಪೊಲೀಸಿನವನು ದಂಡದ ಚೀಟಿ ಹರಿದು ಕೈಗಿಟ್ಟ.

ಆಗ ಮೇಷ್ಟ್ರಿಗೂ ಭಾವಮೈದನಿಗೂ ಒಂದು ವಿಷಯದಲ್ಲಿ ಒಮ್ಮತ ಮೂಡಿತು: ಇದನ್ನು ಸುಮ್ಮನೆ ಬಿಡಬಾರದು. ಮೇಷ್ಟ್ರು ಹೇಳಿದರು, ಭಾವಮೈದ ತನ್ನ ಫೋನಿನಲ್ಲಿ ಬರೆದ. "ಈ ಬೇಜವಾಬ್ದಾರಿಗೆ ಕಾರಣನಾದವನನ್ನು ಹುಡುಕಿ ಕಠಿಣ ಕ್ರಮ ಜರುಗಿಸಬೇಕು. ತಪ್ಪು ಸರಿಯಾಗುವವರೆಗೆ ಅವನು ಕುರ್ಚಿ ಬಿಟ್ಟು ಏಳಕೂಡದು."

"ನಿಮ್ಮ ಹೆಸರಲ್ಲೇ ಹೋಗ್ಲಿ ಭಾವ, ಕಾರು ನಿಮ್ಮದಲ್ವಾ. ಎರಡೂ ಕಂಪನಿಗೆ ಕಳಿಸ್ಲಾ?"

"ಕಳಿಸಪ್ಪ," ಎಂದರು ಗುಮಾಸ್ತರು. ಓದುವಷ್ಟು ತ್ರಾಣವೂ ಉಳಿದಿರಲಿಲ್ಲ.

ಕಚೇರಿ ಮುಟ್ಟಿದಾಗ ಒಂದು ಗಂಟೆ ತಡವಾಗಿತ್ತು. ಎರಡು ಯಂತ್ರಗಳನ್ನೂ ಮೇಜಿನ ಮೇಲಿದ್ದ ದಪ್ಪ ಕಡತದ ಮೇಲಿಟ್ಟು ಕೂತರು. ಅಷ್ಟೇ ಸಾಕಾಯಿತು. ಕ್ಯಾಷಿಯರು ಫೋನಿನ ಪಕ್ಷ ಹಿಡಿದರು, ಟೈಪಿಸ್ಟು ಡಬ್ಬಿಯ ಪಕ್ಷ. ಊಟದ ಹೊತ್ತಿಗೆ ಇಡೀ ಮಹಡಿ ಎರಡು ಭಾಗವಾಗಿ, ಯಾರೂ ಯಾರಿಗೂ ಉಪ್ಪಿನ ಡಬ್ಬಿ ದಾಟಿಸಲಿಲ್ಲ. ನಾಳೆ ಈ ಹೊತ್ತಿಗೆ ಗಡಿಯಾಚೆ ಇರುತ್ತೇನಲ್ಲ ಎಂದುಕೊಂಡು ಗುಮಾಸ್ತರು ಎಲ್ಲವನ್ನೂ ಸಹಿಸಿಕೊಂಡರು.

ನಾಲ್ಕು ಗಂಟೆಗೆ ಸಾಹೇಬರಿಂದ ಕರೆ ಬಂತು.

"ಮ್ಯಾಪ್ ಕಂಪನಿಯವರು ಒಂದು ದೂರು ನಮಗೆ ದಾಟಿಸಿದ್ದಾರೆ," ಎಂದರು ಸಾಹೇಬರು. "ಅಂಚೆ ಕಚೇರಿ ಬೀದಿ ಒನ್ ವೇ ಆಗಿದ್ದು ನಮಗೆ ಯಾರೂ ತಿಳಿಸೇ ಇಲ್ಲ ಅಂತಾರೆ. ಬೀದಿ ಬದಲಾದ್ರೆ ಅವರಿಗೆ ತಿಳಿಸೋದು ಯಾರ ಕೆಲಸ?"

"ನಮ್ಮ ವಿಭಾಗದ್ದು, ಸಾರ್."

"ವಿಭಾಗದಲ್ಲಿ ಯಾರದು?"

ಗುಮಾಸ್ತರು ತಮ್ಮ ಚಪ್ಪಲಿ ನೋಡಿಕೊಂಡರು. ಬದಲಾದ ಬೀದಿಗಳ ಪಟ್ಟಿಯಿದ್ದ, ಮೂರು ತಿಂಗಳಿಂದ ಬಿಚ್ಚದ ಆ ಕಡತ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಅದರ ಮೇಲೆ ಎರಡು ಯಂತ್ರಗಳು ಮಲಗಿದ್ದವು.

"ದೂರು ಬರೆದವನು ಗಟ್ಟಿ ಮನುಷ್ಯ," ಎಂದು ಸಾಹೇಬರು ಕನ್ನಡಕ ಏರಿಸಿದರು. "ಕುರ್ಚಿ ಬಿಟ್ಟು ಏಳಕೂಡದು ಅಂತಾನೆ. ನ್ಯಾಯವಾಗೇ ಇದೆ. ಹೆಸರು, ವಿಳಾಸ ಮಾತ್ರ ನಿಮ್ಮದೇ ಇದೆಯಲ್ರೀ."

ಗುಮಾಸ್ತರು ತಮ್ಮ ಮೇಜಿಗೆ ಮರಳಿ, ಯಂತ್ರಗಳನ್ನು ಬದಿಗಿಟ್ಟು ಕಡತ ಬಿಚ್ಚಿದರು.

ಕಡತದಲ್ಲಿ ಇಪ್ಪತ್ತೇಳು ಬೀದಿಗಳಿದ್ದವು. ಎಲ್ಲಕ್ಕೂ ನಕ್ಷೆ ಸಹಿತ ವರದಿ ಹೋಗುವವರೆಗೆ ರಜೆ ರದ್ದಾಯಿತು. ದೂರುದಾರರಿಗೆ ಕ್ಷಮಾಪಣೆಯ ಪತ್ರ ಬರೆಯುವ ಕೆಲಸವೂ ಅವರ ಪಾಲಿಗೇ ಬಂತು. ಮನೆ ಗೊತ್ತುಮಾಡಿ ಆಗಿದೆ, ಹಾಳುಮಾಡೋಕಾಗಲ್ಲ ಎಂದು ಹೆಂಡತಿ ಬೆಳಗಾಗುತ್ತಲೇ ಸ್ಟೇರಿಂಗ್ ಹಿಡಿದಳು. ಪಕ್ಕದಲ್ಲಿ ತಮ್ಮ, ಹಿಂದೆ ಮೇಷ್ಟ್ರು ದಂಪತಿ, ಗಾಜಿಗೆ ಎರಡೂ ಯಂತ್ರಗಳು.

ಮಧ್ಯಾಹ್ನ ಗುಮಾಸ್ತರು ನಾಲ್ಕನೇ ಬೀದಿಯ ನಕ್ಷೆ ಬರೆಯುತ್ತಿದ್ದಾಗ, ಸರೋವರದ ದಡದ ಮನೆಯ ಫೋನಿನಿಂದ ಕಚೇರಿಗೆ ಆಕೆಯ ಕರೆ ಬಂತು.

"ರೀ, ಆರಾಮಾಗಿ ಬಂದು ಸೇರಿದ್ವಿ. ಆಶ್ಚರ್ಯ ಏನು ಗೊತ್ತಾ, ಗಡಿ ದಾಟಿದ ಮೇಲೆ ಎರಡೂ ಒಂದೇ ದಾರಿ ಹೇಳಿದ್ವು. ಒಂದು ಬೀದಿನೂ ತಪ್ಪಲಿಲ್ಲ. ಇಲ್ಲಿನ ಗುಮಾಸ್ತ ಯಾರೋ ರಜೆ ಗಿಜೆ ಅಂತ ಯೋಚನೆ ಮಾಡದೆ ಕೆಲಸ ಮಾಡೋನು ಅಂತ ಕಾಣುತ್ತೆ."