ಗಂಗಯ್ಯನವರ ಗೌರವ ಉಪಸ್ಥಿತಿ

ಎರಡು ಸಾವಿರದ ಆರನೇ ಇಸವಿಯಲ್ಲಿ ಚನ್ನಪಟ್ಟಣ ತಾಲ್ಲೂಕಿನ ಕಾಳಿದೊಡ್ಡಿಯಲ್ಲಿ ಯುದ್ಧ ಸ್ಮಾರಕವನ್ನು ವಿಧಿವತ್ತಾಗಿ ಸ್ಥಾಪಿಸಲಾಯಿತು. ಯುದ್ಧದಲ್ಲಿ ಮಡಿದವನು ಊರಿಗೆಲ್ಲ ಒಬ್ಬನೇ, ಎಪ್ಪತ್ತೊಂದರ ಸಿಪಾಯಿ ಗಂಗಯ್ಯ. ಒಬ್ಬನಾದರೇನು? ಸುತ್ತಲ ಏಳು ದೊಡ್ಡಿಗಳಿಗೆ ಅರ್ಧ ಸಿಪಾಯಿಯೂ ಸಿಕ್ಕಿರಲಿಲ್ಲ, ಪಾಪ.

ಹಾರೋಹಳ್ಳಿ ಕಡೆಯ ಕಾರ್ಖಾನೆಯೊಂದು ಆಳೆತ್ತರದ ಕರಿಕಲ್ಲು ಕೊಟ್ಟಿತು. ಗಂಗಯ್ಯನ ಹೆಂಡತಿ ಕೆಂಚಮ್ಮ ಕುರಿಗಳನ್ನು ಬಯಲಿಗೆ ಬಿಟ್ಟು ದಿನಾ ಅದರ ಮುಂದೆ ಬಂದು ಕೂರುತ್ತಿದ್ದಳು. ಗಂಡನ ಹೆಣವಂತೂ ಊರಿಗೆ ಬರಲಿಲ್ಲ, ಹೆಸರಾದರೂ ಬರಲಿ ಅಂತ ಆಸೆ. ಓದು ಬಾರದಿದ್ದರೂ ಆ ಮೂರಕ್ಷರವನ್ನು ಮೊಮ್ಮಗಳಿಂದ ಕಲಿತಿಟ್ಟುಕೊಂಡಿದ್ದಳು.

ಕಲ್ಲುಕುಟಿಗ ಮರಿಯಪ್ಪ ಶಿಷ್ಟಾಚಾರದ ಪ್ರಕಾರ ಮೇಲಿಂದ ಕೆತ್ತುತ್ತ ಬಂದ: ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಕಾರ್ಖಾನೆ ಮಾಲೀಕರು, ಮಾಲೀಕರ ಬಾವಮೈದ. ಕಲ್ಲು ಇನ್ನೊಂದು ಗೇಣು ಉಳಿದಾಗ ಕೆಂಚಮ್ಮ ಕೇಳಿದಳು.

“ನಮ್ಮೋರ್ ಹೆಸ್ರು ಎಲ್ಲೈತಣ್ಣ?”

“ಪಟ್ಟೀಲಿಲ್ಲ ಕಣಕ್ಕ. ಪಂಚಾಯ್ತಿ ಸೆಕ್ರೆಟರೀನ ಕೇಳು.”

ಸೆಕ್ರೆಟರಿ ಅನಂತರಾಜು ಸುತ್ತೋಲೆ ತಿರುವಿದರು. “ಕಾರ್ಯಕ್ರಮಕ್ಕೆ ಬರೋರ ಹೆಸ್ರು ಮಾತ್ರ ಕೆತ್ತಬೇಕು ಅಂತೈತೆ ಕೆಂಚಮ್ಮ. ನಿಮ್ಮ ಯಜಮಾನ್ರು ಬತ್ತಾರಾ?”

“ಕರ್ದು ನೋಡಿ ಸ್ವಾಮಿ. ದೊಡ್ಡೋರ್ ಮಾತು ಮೀರೋರಲ್ಲ ಅವ್ರು. ಹೋಗು ಅಂದಿದ್ಕೆ ತಾನೆ ಹೋಗಿದ್ದು?”

ಸೆಕ್ರೆಟರಿಗೆ ಇದು ನಿಯಮಬದ್ಧವೆನಿಸಿತು. ಗಂಗಯ್ಯನ ಹೆಸರಿಗೆ ಆಹ್ವಾನ ಪತ್ರಿಕೆ ಹೋಯಿತು. ಉಳಿದ ಗೇಣಿನಲ್ಲಿ ‘ಗೌರವ ಉಪಸ್ಥಿತಿ: ಗಂಗಯ್ಯ’ ಎಂದು ಕೆತ್ತಲಾಯಿತು. ಕೆಂಚಮ್ಮ ಮೂರೂ ಅಕ್ಷರಗಳನ್ನು ಬೆರಳಿಟ್ಟು ಎಣಿಸಿಕೊಂಡಳು.

ಉದ್ಘಾಟನೆಯ ದಿನ ಗಂಗಯ್ಯ ಬರಲಿಲ್ಲ. ಶಾಲನ್ನು ಖಾಲಿ ಕುರ್ಚಿಗೇ ಹೊದಿಸಿ ಫೋಟೋ ತೆಗೆದರು. ವಾರದಲ್ಲಿ ನೋಟೀಸು ಬಂತು: ‘ಹೆಸರು ಕೆತ್ತಿಸಿಕೊಂಡೂ ಗೈರುಹಾಜರಾದ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಹೆಸರನ್ನು ಅಳಿಸಲಾಗುವುದು.’

ಕೆಂಚಮ್ಮ ಎದ್ದುಬಿದ್ದು ಪಂಚಾಯ್ತಿಗೆ ಓಡಿದಳು. “ಡ್ಯೂಟಿ ಮೇಲವ್ರೆ ಅಂತ ಬರ್ಕೊಳ್ಳಿ ಸ್ವಾಮಿ! ಮಿಲಿಟ್ರಿಯೋರು ಇನ್ನೂ ಬುಟ್ಟಿಲ್ಲ.”

“ಎಷ್ಟು ದಿನದಿಂದ?” ಸೆಕ್ರೆಟರಿ ಕೇಳಿದರು.

“ಮೂವತ್ತೈದು ವರ್ಷ.”

“ಅಂಗಾದ್ರೆ ಸರಿ. ಸರ್ಕಾರಿ ಕೆಲ್ಸ, ಒಸಿ ತಡ ಆಯ್ತದೆ.”

‘ಕರ್ತವ್ಯ ನಿಮಿತ್ತ ಹೊರಗಿದ್ದಾರೆ, ಒಪ್ಪಿದೆ’ ಎಂದು ಬರೆದು ಸೀಲು ಒತ್ತಿದರು. ಕೆಳಗೊಂದು ಷರಾ: ‘ಹಿಂದಿರುಗಿದ ಕೂಡಲೇ ಕಚೇರಿಗೆ ಹಾಜರಾಗತಕ್ಕದ್ದು.’

ಹೆಬ್ಬೆಟ್ಟು ಒತ್ತುತ್ತ ಕೆಂಚಮ್ಮ ಅಂದಳು: “ಕೂಡ್ಲೇ ಆಗಕಿಲ್ಲ ಸ್ವಾಮಿ. ಮೊದ್ಲು ಉಣ್ಣಕ್ಕಿಕ್ಕಿ, ಆಮೇಲೆ ಕಳಿಸ್ತೀನಿ.”

ಸೆಕ್ರೆಟರಿ ‘ಕೂಡಲೇ’ ಎಂಬುದನ್ನು ಹೊಡೆದುಹಾಕಿ, ‘ಊಟದ ನಂತರ’ ಎಂದು ತಿದ್ದಿ ಸಹಿ ಮಾಡಿದರು.