ಹತ್ತನೆಯ ಪೆನ್ಸಿಲ್

‘ಒಂಬತ್ತೇ ಪೆನ್ಸಿಲಿನಲ್ಲಿ ಯಂತ್ರದ ಪರೀಕ್ಷೆ ಮುಗಿಸಿದ್ದೇನೆ. ಹತ್ತನೆಯದನ್ನು ಕೇಳಲು ಬಾಯಿ ಬರಲಿಲ್ಲ’ ಎಂದು ಡೈರಿಯಲ್ಲಿ ಬರೆದಿಟ್ಟೇ ಅವಳು ಬೆಳಿಗ್ಗೆ ಕಾರ್ಖಾನೆಗೆ ಹೊರಟಿದ್ದಳು. ಹಿಂದಿನ ದಿನ ಅಲ್ಲಿನ ಸ್ಟೋರಿನವನು ಒಂಬತ್ತು ಎಣಿಸಿ ಕೊಟ್ಟು “ಸಾಕಾ?” ಎಂದು ಗದರಿದ್ದ. ಅವಳು ಸಾಕೆಂದು ತಲೆಯಾಡಿಸಿದ್ದಳು.

ಡಬ್ಬಿಗೆ ಪೆನ್ಸಿಲ್ ತುಂಬುವ ಹೊಸ ಯಂತ್ರಕ್ಕೆ ಪ್ರೋಗ್ರಾಂ ಬರೆದವಳು ಅವಳೇ. ಆದರೂ ಅಲ್ಲಿ ಎಲ್ಲರಿಗೂ ಅವಳು ಬರೀ ‘ಪಿಸುಮಾತು’. ಮೂರು ತಿಂಗಳ ತಾತ್ಕಾಲಿಕ ನೌಕರಿ ಅಂದಿಗೆ ಮುಗಿಯುತ್ತಿತ್ತು. ಸಂಜೆ ಯಜಮಾನರು ಯಂತ್ರ ನೋಡಿ, ಇವಳು ಇರಬೇಕೋ ಬೇಡವೋ ಹೇಳುವವರಿದ್ದರು.

ಮೇಸ್ತ್ರಿ, ಡಬ್ಬಿಗೆಷ್ಟು ಪೆನ್ಸಿಲ್ ಎಂದು ಯಂತ್ರಕ್ಕೆ ಹೇಳುವ ಅಂಕಿಯ ಚಕ್ರಗಳನ್ನು ಇಪ್ಪತ್ನಾಲ್ಕಕ್ಕೆ ತಿರುಗಿಸಿ ಗುಂಡಿ ಒತ್ತಿದ. ಮೊದಲ ಡಬ್ಬಿ, ನೆಂಟರ ಮನೆಯಲ್ಲಿ ಉಂಡೆದ್ದ ಮಾವನಂತೆ ಹೊಟ್ಟೆ ಬಿರಿದುಕೊಂಡು ಬಂತು.

“ಮೂವತ್ತಾರಿದೆ!” ಎಂದ ಸ್ಟೋರಿನವನು. “ಏನಮ್ಮಾ ಪಿಸುಮಾತು, ನಿನ್ನ ಯಂತ್ರ ಯಾವ ಸ್ಕೂಲಲ್ಲಿ ಎಣಿಸೋದು ಕಲೀತು?”

“ವೋಲ್ಟೇಜ್ ಜಾಸ್ತಿಯಾಗಿದೆ, ಅಷ್ಟೇ” ಎಂದ ಎಲೆಕ್ಟ್ರಿಷಿಯನ್, ಯಾರೂ ಕೇಳದಿದ್ದರೂ.

ಅವಳಿಗೆ ಮಾತ್ರ ತಕ್ಷಣ ಹೊಳೆಯಿತು. ಅಂಕಿಗಳನ್ನು ನೆನಪಿಡುವ ಯಂತ್ರದ ರಿಜಿಸ್ಟರಿನಲ್ಲಿ ಸಾಲಾಗಿ ಹದಿನಾರು ಮನೆಗಳು; ಪ್ರತಿ ಮನೆಯಲ್ಲೂ ದೀಪ ಒಂದೋ ಉರಿಯುತ್ತಿರುತ್ತದೆ, ಇಲ್ಲವೋ ಆರಿರುತ್ತದೆ. ಚಕ್ರದ ಒಂದೊಂದು ಅಂಕಿಗೂ ನಾಲ್ಕು ನಾಲ್ಕು ಮನೆ. ಹಾಗೆ ಬಿಡಿಸಿ ಓದಬೇಕೆಂದು ಹೇಳುವ ಒಂದು ಸಾಲನ್ನು ಅವಳು ಪ್ರೋಗ್ರಾಂನಲ್ಲಿ ಬರೆಯದೆ ಬಿಟ್ಟಿದ್ದಳು. ಯಂತ್ರ ಎಲ್ಲ ಮನೆಗಳನ್ನೂ ಒಂದೇ ಸಂಖ್ಯೆಯೆಂದು, ಮನೆಯಿಂದ ಮನೆಗೆ ಬೆಲೆ ಇಮ್ಮಡಿಸುತ್ತಾ ಓದಿ, ಪ್ರತಿ ಹತ್ತಕ್ಕೂ ಹದಿನಾರು ಕೊಟ್ಟಿತ್ತು. ಒಂಬತ್ತರವರೆಗೆ ಎರಡು ಓದಿಗೂ ಏನೇನೂ ವ್ಯತ್ಯಾಸವಿಲ್ಲ! ಹೇಳಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

ಅಷ್ಟರಲ್ಲಿ ಏಳನೇ ಕ್ಲಾಸು ಓದಿದ ಮೇಸ್ತ್ರಿ ಚಕ್ರವನ್ನು ಹತ್ತಕ್ಕಿಟ್ಟು ನೋಡಿದ, ಇಪ್ಪತ್ತಕ್ಕಿಟ್ಟು ನೋಡಿದ, ಬೆರಳು ಮಡಚಿದ.

“ಧಾರಾಳಿ ಕಣ್ರೋ ಇವನು! ಹತ್ತಕ್ಕೆ ಆರು ಕೊಸರು ಹಾಕ್ತಾನೆ. ನಾವು ಹದಿನೆಂಟು ಕೇಳೋಣ.”

ಹದಿನೆಂಟಕ್ಕಿಟ್ಟ. ಡಬ್ಬಿಯಲ್ಲಿ ಸರಿಯಾಗಿ ಇಪ್ಪತ್ನಾಲ್ಕು! ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಕೈ ಮುಗಿಯಬೇಕೆನಿಸಿತು. ತಾನು ನಾಲ್ಕು ವರ್ಷ ಕಾಲೇಜಿಗೆ ಅಲೆದು ಕಲಿತದ್ದನ್ನು ಈ ಮನುಷ್ಯ ಮೂರು ಡಬ್ಬಿಯಲ್ಲಿ ಹಿಡಿದುಬಿಟ್ಟಿದ್ದ.

ಆದರೂ ತಪ್ಪು ತಪ್ಪೇ. ಎಲ್ಲರೂ ಟೀಗೆ ಹೋದಾಗ ಅವಳು ಬಿಟ್ಟುಹೋದ ಆ ಸಾಲನ್ನು ಸದ್ದಿಲ್ಲದೆ ಸೇರಿಸಿದಳು. ‘ಸರಿಪಡಿಸಿದೆ’ ಎಂದು ಹೇಳಿದಳು ಕೂಡ, ಚೀಲದಲ್ಲಿದ್ದ ಡೈರಿಗೆ.

ಯಜಮಾನರು ಅರ್ಧ ಗಂಟೆ ಮುಂಚೆಯೇ ಬಂದರು. ಮೇಸ್ತ್ರಿ ಮದುವೆ ಗಂಡಿನ ಠೀವಿಯಲ್ಲಿ ಚಕ್ರವನ್ನು ಹದಿನೆಂಟಕ್ಕೆ ತಿರುಗಿಸಿ ಗುಂಡಿ ಒತ್ತಿದ. ಯಜಮಾನರು ಡಬ್ಬಿ ತೆರೆದು ಎಣಿಸಿದರು.

“ಹದಿನೆಂಟೇ ಇದೆಯಲ್ರೀ! ಇನ್ನಾರು ಎಲ್ಲಿ?”

“ಎಲ್ಲಾ ಮೇಸ್ತ್ರೀದೇ ಸಾರ್” ಎಂದ ಸ್ಟೋರಿನವನು. “ಬೆಳಿಗ್ಗೆಯಿಂದ ಚಕ್ರ ತಿರುಗಿಸ್ತಾನೇ ಇದಾನೆ.”

ಮೇಸ್ತ್ರಿ ತನ್ನ ಬೆರಳುಗಳನ್ನೇ ನೋಡಿಕೊಂಡ, ಅವು ಬೇರೆ ಯಾರದೋ ಎಂಬಂತೆ. “ನನ್ನ ಲೆಕ್ಕವೇ ತಪ್ಪಿರ್ಬೇಕು ಸಾರ್...”

“ತಪ್ಪು ಯಾರದೋ, ಅವರು ನಾಳೆಯಿಂದ ಬರೋದು ಬೇಡ.”

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಆಗ ಹಿಂದಿನಿಂದ, ಯಂತ್ರದ ಸದ್ದನ್ನೂ ಮೀರಿಸಿ ಒಂದು ದನಿ ಎದ್ದಿತು. ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ.

“ಅವರ ಲೆಕ್ಕ ಸರಿಯಾಗೇ ಇತ್ತು ಸಾರ್. ಎರಡು ಸಲಾನೂ ತಪ್ಪಿದ್ದು ನಾನು.”